ವರ್ಲಿಯಲ್ಲಿ ಓದಿಸಿದ ಚೀಟಿ

ಹಡಗು ಹೊಟ್ಟೆಯ ತುಕ್ಕು ಕೆರೆಸಿಕೊಳ್ಳಲು ಡ್ರೈಡಾಕ್ ಹತ್ತಿದಾಗ
ನಮಗೆ ಹನ್ನೊಂದು ದಿನ ಬಿಡುವು.
ಊರು ಒನೊಮಿಚಿ. ಎದುರಿಗೆ ಸಪೂರ ಕಡಲು, ಬೆನ್ನಿಗೆ ಗುಡ್ಡ,
ಗುಡ್ಡದ ತುಂಬ ಮೆಟ್ಟಿಲು,
ಮೆಟ್ಟಿಲು ಮುಗಿದಲ್ಲೆಲ್ಲ ಒಂದು ಗುಡಿ.
ಚೀಫ್ ಕುಕ್ ನಾನು. ಪಾಂಗಳದ ಇನಾಸ್ ನನ್ನ ಕೈಕೆಳಗೆ.
ಉಳಿದವರಿಗೆ ಉಪ್ಪಿಟ್ಟು ಕೆದಕಿಟ್ಟು
ಹತ್ತುತ್ತಿದ್ದೆವು, ಮೊಣಕಾಲಿಗೂ ದೇವರಿಗೂ ಬೈದುಕೊಂಡು.

ಬುದ್ಧನದು ಯಾವುದು, ಅವರ ಹಳೇ ದೈವದ್ದು ಯಾವುದು,
ಮೊದಮೊದಲು ತಿಳಿಯದು. ಇನಾಸ್ ಒಂದು ಲೆಕ್ಕ ಹಿಡಿದ:
ಕದವಿಲ್ಲದ ಬಾಗಿಲು ಬಯಲಲ್ಲಿ ನಿಂತಿದ್ದರೆ ದೈವ,
ಊದುಬತ್ತಿ ಮೂಗಿಗೆ ಬಡಿದರೆ ಬುದ್ಧ.
ದೈವಕ್ಕೆ ಎರಡು ಚಪ್ಪಾಳೆ. ಬುದ್ಧನಿಗೆ ಸದ್ದಿಲ್ಲದ ಕೈ.
ನಮ್ಮ ಕಡೆಯೂ ಹಾಗೇ ಮಾರಾಯ, ಅಂದೆ,
ದೈವ ಬೇರೆ, ದೇವರು ಬೇರೆ, ಸಿಟ್ಟು ಬಂದರೆ ಇಬ್ಬರೂ ಒಂದೇ.
ಇನಾಸ್ ಶಿಲುಬೆಯ ಗುರುತು ಹಾಕಿಕೊಂಡು
ಆಮೇಲೆ ಚಪ್ಪಾಳೆಯನ್ನೂ ತಟ್ಟಿದ.

ಬಿದಿರ ಸೌಟಿನಲ್ಲಿ ನೀರು: ಎಡಗೈ, ಬಲಗೈ, ಬಾಯಿ.
ಅಡುಗೆಯವನ ಕಣ್ಣು ಸೌಟಿನ ಮೇಲೆಯೇ.
ಹಿಡಿ ಇಷ್ಟುದ್ದ, ಬಟ್ಟಲು ಇಷ್ಟೇ.
ಸಾರಿಗೆ ಸಾಲದು, ತುಪ್ಪಕ್ಕಾದೀತು.

ಕೊನೆಯ ದಿನ ನರಿಗಳ ಗುಡಿ.
ಕೊರಳಿಗೆ ಕೆಂಪು ಬಟ್ಟೆ ಕಟ್ಟಿಸಿಕೊಂಡು
ಊಟಕ್ಕೆ ಕೂತ ಮಕ್ಕಳ ಹಾಗೆ ಎರಡು ಕಲ್ಲುನರಿ.
ನೂರು ಯೆನ್ ಹಾಕಿ, ಡಬ್ಬಿ ಕುಲುಕಿ, ಕಡ್ಡಿ ಎಳೆದೆವು.
ಕಡ್ಡಿಗೊಂದು ಅಂಕೆ, ಅಂಕೆಗೊಂದು ಚೀಟಿ.
ಓದಲು ಇಬ್ಬರಿಗೂ ಬಾರದು.
ಕೆಟ್ಟದ್ದನ್ನು ಅಲ್ಲೇ ದಾರಕ್ಕೆ ಕಟ್ಟಿ ಹೋಗಬೇಕಂತೆ.
ಕಟ್ಟುವವರನ್ನು ನೋಡಿ ಇನಾಸ್ ತನ್ನದನ್ನು ಕಟ್ಟಿದ.
ನಾನು ಪಾಕೀಟಿಗೆ ಸೇರಿಸಿದೆ. ಜಿಪುಣ, ಅಂದ.
ನೂರು ಯೆನ್ ಅಲ್ಲವೇ.

ಮರುದಿನ ಹಡಗು ನೀರಿಗಿಳಿಯಿತು. ಇನಾಸ್ ಇಲ್ಲ.
ಅವನ ಬಂಕಿನ ಮೇಲೆ ಮಡಚಿದ ಏಪ್ರನ್,
ಏಪ್ರನ್ನಿನ ಮೇಲೆ ನನ್ನ ಈರುಳ್ಳಿ ಚಾಕು,
ಸಾಣೆ ಹಿಡಿದದ್ದು.
ನಿನಗೇನು ಗೊತ್ತು, ಎಂದರು ಕ್ಯಾಪ್ಟನ್.
ಏನೂ ಇಲ್ಲ ಎಂದೆ. ಸುಳ್ಳಲ್ಲ.

ಹತ್ತೊಂಬತ್ತು ವರ್ಷ.
ಮೊಣಕಾಲು ಮೊದಲು ಹಡಗು ಬಿಟ್ಟಿತು, ಆಮೇಲೆ ನಾನು.
ಈಗ ವರ್ಲಿ. ಇಲ್ಲಿ ಬಸ್ಸಿನ ರಸ್ತೆಗೆ ತಾಗಿ
ಜಪಾನಿನವರದೊಂದು ಬುದ್ಧನ ಗುಡಿ. ಮೆಟ್ಟಿಲು ಕಡಿಮೆ, ಪುಣ್ಯ.
ಸಂಜೆ ಡೋಲು. ಒಂದೇ ಮಾತು, ಒಂದೇ ಪೆಟ್ಟು,
ಉದ್ದು ಮುಗಿಯದ ರುಬ್ಬುಗಲ್ಲಿನ ಹಾಗೆ.
ಅಲ್ಲಿ ಕೂತಷ್ಟು ಹೊತ್ತು ಬೀಡಿ ನೆನಪಾಗುವುದಿಲ್ಲ,
ಅದಕ್ಕೇ ಹೋಗುತ್ತೇನೆ. ದೊಡ್ಡ ಕಾರಣ ಏನಿಲ್ಲ.

ಮೊನ್ನೆ ಪವಾಯಿಯಿಂದ ಒಬ್ಬಾಕೆ ಬಂದಿದ್ದರು,
ಗಂಡನಿಗೆ ಕಾರಿನ ಕಂಪನಿಯಲ್ಲಿ ಕೆಲಸವಂತೆ.
ಬಿಟ್ಟ ಚಪ್ಪಲಿಯನ್ನು ಬಗ್ಗಿ, ತಿರುಗಿಸಿ,
ಹೊರಡುವ ಕಡೆ ಮುಖಮಾಡಿಸಿ ಇಟ್ಟರು.
ಅದನ್ನು ಕಂಡು ಧೈರ್ಯ ಬಂತು. ಪಾಕೀಟು ತೆಗೆದೆ.

ನಾಲ್ಕು ಮಡಿಕೆಯ ಚೀಟಿ ನಾಲ್ಕು ತುಂಡಾಗಿತ್ತು.
ಅಂಗೈಯ ಮೇಲೆ ಜೋಡಿಸಿ, ಉಸಿರು ತಾಗದಂತೆ ಮುಖ ಓರೆ ಮಾಡಿ
ಕಲಿತ ಹಿಂದಿಯಲ್ಲಿ ಓದಿದರು:

ಪ್ರಯಾಣ: ಅಡ್ಡಿಯಿಲ್ಲ, ಅವಸರ ಬೇಡ.
ಕಳೆದ ವಸ್ತು: ತಗ್ಗಿನಲ್ಲಿದೆ.
ಮನೆ ಬದಲಿಸುವುದು: ಒಳ್ಳೆಯದು.
ನೀವು ಕಾಯುತ್ತಿರುವವರು: ಬರುವುದಿಲ್ಲ. ಸುದ್ದಿ ಬರುತ್ತದೆ.

ಡೋಲು ನಿಲ್ಲಲಿಲ್ಲ.
ಕೆಟ್ಟದ್ದೋ, ಕಟ್ಟಿ ಬರಬೇಕಿತ್ತೋ, ಎಂದೆ.
ತಲೆಯ ಮೇಲಿನ ದಪ್ಪ ಅಕ್ಷರ ಎರಡನ್ನೂ ತೋರಿಸಿ
ಕೊನೆಗೆ ಬರುವ ಅದೃಷ್ಟ, ಎಂದರು.
ಸಣ್ಣದು. ಇಟ್ಟುಕೊಳ್ಳಬಹುದು.

ಪಾಂಗಳದಿಂದ ಸೆವ್ರಿನ್ ಬಾಯಿ, ಇನಾಸನ ಅಕ್ಕ,
ಪ್ರತಿ ಮೊಂತಿ ಹಬ್ಬಕ್ಕೆ ಫೋನ್ ಮಾಡುತ್ತಾರೆ.
ಹೊಸ ಭತ್ತದ ತೆನೆ ಬಂತು ಅನ್ನುತ್ತಾರೆ, ಮಳೆ ಕೇಳುತ್ತಾರೆ,
ಇಡುವ ಮುಂಚೆ ಮಾತ್ರ, ಏನಾದರೂ?
ಇಷ್ಟು ವರ್ಷ ಇಲ್ಲ ಬಾಯಿ ಅಂದಿದ್ದೇನೆ.
ಈ ಸಲ, ಸುದ್ದಿ ಬರುತ್ತದಂತೆ, ಅನ್ನಬೇಕು.
ಯಾರು ಹೇಳಿದ್ದು, ಎಂದು ಕೇಳದೆ ಬಿಡುವವರಲ್ಲ.
ಬುದ್ಧ ಎಂದರೆ ಒಪ್ಪುವುದಿಲ್ಲ.
ನರಿ ಎಂದರೆ ನಗುತ್ತಾರೆ.
ನಗಲಿ.